ಟಿಡಿಎಸ್ 60 ಇದ್ದರೆ ಸಾಕೇ?
ಊರಿನ ಶುದ್ಧ ನೀರಿನ ಘಟಕದ ಮೀಟರ್ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಾಂಶ) 60 ತೋರಿಸುತ್ತಿದೆ, ಧೈರ್ಯವಾಗಿ ಕುಡಿಯಬಹುದೇ ಎಂದು ಕೇಳಿದ್ದೀರಿ. ಅಷ್ಟೇ ಸಾಲದು. ಆ ಮೀಟರ್ ಕರಗಿದ ಲವಣವನ್ನಷ್ಟೇ ಅಂದಾಜಿಸುತ್ತದೆ, ಬ್ಯಾಕ್ಟೀರಿಯಾ ಅದಕ್ಕೆ ಕಾಣುವುದೇ ಇಲ್ಲ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ 100 ಮಿ.ಲೀ. ನೀರಿನಲ್ಲಿ ಇ. ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಇರಲೇಕೂಡದು. ಆರ್‌ಒ (ಸೂಕ್ಷ್ಮ ಪೊರೆಯಲ್ಲಿ ಸೋಸಿದ) ನೀರಿನಲ್ಲಿ ಸೋಂಕು ತಡೆಯುವ ಕ್ಲೋರಿನ್ ಉಳಿಯದ ಕಾರಣ, ತೊಳೆಯದ ಸಂಗ್ರಹ ಟ್ಯಾಂಕಿನಲ್ಲೇ ಸೋಂಕು ಸೇರಿಕೊಳ್ಳಬಹುದು.

ಬ್ಯಾಕ್ಟೀರಿಯಾ ಪರೀಕ್ಷೆ ಮಾಡಿಸಲು ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯದಿಂದಲೇ ಸ್ಟೆರೈಲ್ (ಕ್ರಿಮಿರಹಿತ) ಬಾಟಲಿ ತನ್ನಿ, ಅದನ್ನು ತೊಳೆಯಬೇಡಿ. ನಲ್ಲಿಯ ಬಾಯಿ ಒರೆಸಿ, ಎರಡು ನಿಮಿಷ ನೀರು ಹರಿಯಬಿಟ್ಟು, ಬಾಟಲಿಯ ಅಂಚಿಗೆ ಕೈ ತಾಗಿಸದೆ ತುಂಬಿಸಿ. ಐಸ್ ಡಬ್ಬಿಯಲ್ಲಿಟ್ಟು ಅಂದೇ ತಲುಪಿಸಿ. ತಡವಾದರೆ ಫಲಿತಾಂಶ ನಂಬಲಾಗದು. ಫ್ಲೋರೈಡ್‌ಗೆ ಬೇರೆ ಪ್ಲಾಸ್ಟಿಕ್ ಬಾಟಲಿ: ಮಿತಿ ಲೀಟರಿಗೆ 1 ಮಿ.ಗ್ರಾಂ, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5. ವರದಿಯಲ್ಲಿ ದೋಷ ಕಂಡರೆ ಪ್ರತಿ ಲಗತ್ತಿಸಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.