ಸಾಲದ ಬುಕ್ಕಿನ ಹಿಂದಿನ ಪುಟಗಳು

ಈ ಸಲದ ಪತ್ರಗಳಲ್ಲಿ ನಾಲ್ಕು ಒಂದೇ ಕೇರಿಯಿಂದ ಬಂದಿವೆ, ನಾಲ್ಕೂ ಒಬ್ಬರ ಬಗ್ಗೇನೇ. ಕುಂದಾಪುರ ಕಡೆಯ ಒಂದು ಕೇರಿ. ಅಲ್ಲಿ ಜಿನಸಿ ಅಂಗಡಿ ಇಟ್ಕೊಂಡು, ರಾತ್ರಿ ಯಕ್ಷಗಾನದ ಆಟದಲ್ಲಿ ಸ್ತ್ರೀವೇಷ ಮಾಡ್ತಿದ್ದ ಒಬ್ರು ಈ ಮಳೆ ಹಿಡಿಯೋ ಹೊತ್ತಿಗೆ ತೀರ್ಕೊಂಡ್ರಂತೆ. ಮನೆಯವರು ಹೆಸರು ಹಾಕ್ಬೇಡಿ ಅಂದಿದಾರೆ, ಹಾಗಾಗಿ ಕೇರಿಯವರು ಕರೀತಿದ್ದ ಹಾಗೆ ಅಂಗಡಿ ಮಾಮ ಅಂತ್ಲೇ ಬರೀತೀನಿ. ಬೇರೆ ಪತ್ರಗಳಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರ ಕೊಡ್ತೀನಿ, ಇವತ್ತು ಪೂರ್ತಿ ಜಾಗ ಅವರಿಗೇ ಇರ್ಲಿ.

ಪ್ರಶ್ನೆ: ಮೇಡಂ, ಅಂಗಡಿ ಮಾಮ ಮೇಳದ ದೊಡ್ಡ ಕಲಾವಿದರೇನಲ್ಲ. ಮೇಳದಲ್ಲಿ ಯಾರಾದ್ರೂ ರಜೆ ಮಾಡಿದ್ರೆ ಬದಲಿ ವೇಷಕ್ಕೆ ಹೋಗ್ತಿದ್ರು, ಉಳಿದಂತೆ ಊರಿನ ಹವ್ಯಾಸಿ ಸಂಘದ ಆಟ. ಬೆಳಿಗ್ಗೆ ಬಂದು ಕಣ್ಣಲ್ಲಿ ಕಾಡಿಗೆ ಹಾಗೇ ಇರೋವಾಗ್ಲೇ ಅಂಗಡಿ ತೆಗೆದು ಹಾಲು ಕೊಡ್ತಿದ್ರು. ನಾವು ಹುಡುಗ್ರು ಸೇರಿ ದುಡ್ಡು ಒಟ್ಟು ಮಾಡಿ ಒಂದು ದೊಡ್ಡ ಫ್ಲೆಕ್ಸ್, ಒಂದು ತಾಳಮದ್ದಳೆ, ಆಮೇಲೆ ಪ್ರತಿ ವರ್ಷ ಅವರ ಹೆಸರಲ್ಲಿ ಪ್ರಶಸ್ತಿ ಅಂತ ಪ್ಲ್ಯಾನ್ ಮಾಡಿದೀವಿ. ಕೆಲವು ಹಿರಿಯರು 'ಅಂಗಡಿಯವನಿಗೆ ಎಂತಕ್ಕೆ ಸಂಸ್ಮರಣೆ' ಅಂತಿದಾರೆ. ಏನ್ ಮಾಡೋಣ?

ಉತ್ತರ: ಮೊದ್ಲು ಆ ಹಿರಿಯರ ಮಾತಿಗೆ ಬರ್ತೀನಿ, ಯಾಕಂದ್ರೆ ಅದು ನಂಗೆ ಚುಚ್ತು. ದೊಡ್ಡೋರನ್ನ ನೆನೆಸ್ಕೊಳ್ಳೋಕೆ ನಾಡೇ ಇದೆ. ಯಕ್ಷಗಾನದ ಹೆಸರಾಂತ ಕಲಾವಿದರು ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂದಾಗ ನಮ್ಮನೆಗೇ ಬಂದಷ್ಟು ಖುಷಿಪಟ್ವಿ, 2017ರಲ್ಲಿ ಅವರು ಹೋದಾಗ ಎಷ್ಟೋ ಮನೇಲಿ ಜನ ಅತ್ತಿದಾರೆ, ಆಗ್ಬೇಕಾದ್ದೇ ಅದು. ಆದ್ರೆ ಒಂದು ರಾತ್ರಿ ಆಟ ನಿಲ್ಬೇಕು ಅಂದ್ರೆ ಬಾಲಗೋಪಾಲರಿಂದ ಶುರುವಾಗಿ ಪೀಠಿಕೆ ಸ್ತ್ರೀವೇಷ, ಪುಂಡುವೇಷ, ಹಾಸ್ಯ, ಬಣ್ಣದ ವೇಷ ಅಂತ ಎಷ್ಟು ಜನ ಬೇಕು ಲೆಕ್ಕ ಹಾಕಿ. ಸಂಜೆ ಫೋನ್ ಮಾಡಿ 'ಇವತ್ತು ದ್ರೌಪದಿಗೆ ಜನ ಇಲ್ಲ, ಬರ್ತೀರಾ' ಅಂದ್ರೆ ಯಾಕೆ ಎತ್ತ ಕೇಳದೆ ಅಂಗಡಿ ಬಾಗಿಲೆಳೆದು ಯಾರದ್ದೋ ಬೈಕ್ ಹಿಂದೆ ಕೂತು ಚೌಕಿಗೆ, ಅಂದ್ರೆ ಬಣ್ಣ ಹಚ್ಕೊಳ್ಳೋ ಜಾಗಕ್ಕೆ ಹೋಗಿ, ದಾರೀಲೇ ಪದ್ಯ ನೆನಪು ಮಾಡ್ಕೊಂಡು, ಯಾವತ್ತೂ ಜೊತೇಲಿ ಕುಣಿದಿರದ ಭೀಮನ ಎದುರು ನಿಂತು ಅರ್ಥ, ಅಂದ್ರೆ ಪದ್ಯಕ್ಕೆ ತಕ್ಕ ಮಾತು, ಹೇಳೋರು ಇಲ್ದಿದ್ರೆ ಹರಕೆ ಹೇಳ್ಕೊಂಡ ಮನೆಯವರ ಆಟ ಆವತ್ತು ಹೇಗೆ ನಡೀತಿತ್ತು? ಅಂಗಡಿಯವನಿಗೆ ಎಂತಕ್ಕೆ ಅಂತ ಕೇಳಿದೋರಿಗೆ ಇದನ್ನ ಓದಿ ಹೇಳಿ.

ಇನ್ನೊಂದು ಮಾತು, ಆಟಕ್ಕೂ ಅಂಗಡಿಗೂ ಸಂಬಂಧ ಇಲ್ಲ ಅನ್ನೋ ಹಾಗೆ ಮಾತಾಡ್ತೀವಿ, ಹಾಗಲ್ಲ. ಮೇಳಗಳು ದೀಪಾವಳಿ ಕಳೆದ ಮೇಲೆ ತಿರುಗಾಟಕ್ಕೆ ಹೊರಟು ಮೇ ಕೊನೆಗೆ, ತುಳುನಾಡಲ್ಲಿ ಪತ್ತನಾಜೆ ಅಂತಾರಲ್ಲ ಆ ಹೊತ್ತಿಗೆ, ಗೆಜ್ಜೆ ಬಿಚ್ತಾವೆ. ಮಳೆಗಾಲ ಪೂರ್ತಿ ಹೊಟ್ಟೆಪಾಡಿಗೆ ಏನು ಮಾಡೋದು? ಕೆಲವ್ರು ಗದ್ದೆಗೆ ಇಳೀತಾರೆ, ಕೆಲವ್ರು ಹೋಟೆಲ್ ಕೆಲಸಕ್ಕೆ ಹೋಗ್ತಾರೆ, ಕೆಲವ್ರು ಚಿಕ್ಕಮೇಳ ಕಟ್ಕೊಂಡು ಮನೆ ಮನೆಗೆ ತಿರುಗ್ತಾರೆ. ಅಂಗಡಿ ಮಾಮನಿಗೆ ಅಂಗಡಿ ಇತ್ತು, ಅದಕ್ಕೇ ಅವರು ವರ್ಷವಿಡೀ ನಿಮ್ಮ ಕೇರೀಲೇ ಸಿಕ್ತಿದ್ರು.

ಈಗ ನಿಮ್ಮ ಪ್ಲ್ಯಾನು. ಫ್ಲೆಕ್ಸ್ ಬೇಡ, ಎರಡು ಮಳೆಗೆ ಹರಿದು ಚರಂಡಿಗೆ ಬೀಳೋ ಜಾಗದಲ್ಲಿ ಅವರ ಮುಖ ಹಾಕ್ಬೇಡಿ. ಪ್ರಶಸ್ತಿಯೂ ಸದ್ಯಕ್ಕೆ ಬೇಡ, ಪ್ರಶಸ್ತಿ ಅಂದ್ರೆ ಅತಿಥಿ, ಶಾಲು, ಹಾರ, ಭಾಷಣ, ಮೂರನೇ ವರ್ಷಕ್ಕೆ ದುಡ್ಡು ಸಾಲ್ದೆ ನಿಂತ್ರೆ ಆ ಬೇಜಾರು ಮನೆಯವರಿಗೆ. ತಾಳಮದ್ದಳೆ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮಳೆಗಾಲಕ್ಕೆ ಅದು ಸುಲಭ, ವೇಷ ಬೇಡ ರಂಗಸ್ಥಳ ಬೇಡ, ಹಿಮ್ಮೇಳ ಕೂರಿಸಿ ಅರ್ಥ ಹೇಳಿದ್ರೆ ಆಯ್ತು. ಆದ್ರೆ ನಿಮ್ಮ ಮಾಮ ಕುಣಿಯೋರು! ದೊಡ್ಡವರ ಮೂರೂ ಪತ್ರದಲ್ಲಿ ಬರೆದಿರೋದು ಅವರ ಹೆಜ್ಜೆ ಬಗ್ಗೆ, ಅರ್ಥ ಎರಡೇ ಮಾತಲ್ಲಿ ಮುಗಿಸಿ ಕುಣಿತಕ್ಕೆ ಹೋಗ್ತಿದ್ರು ಅಂತ. ಕುಣಿದೋರ ನೆನಪಿಗೆ ಕುಣಿತವೇ ಇಲ್ಲದ ಕಾರ್ಯಕ್ರಮ ಮಾಡೋದು ನಂಗ್ಯಾಕೋ ಸರಿ ಕಾಣಲ್ಲ. ಕಾಯಿರಿ. ದೀಪಾವಳಿ ಕಳೀಲಿ, ಅವರದ್ದೇ ಹವ್ಯಾಸಿ ಸಂಘದಿಂದ ಒಂದು ಆಟ ಆಡ್ಸಿ, ಅವರು ಮಾಡ್ತಿದ್ದ ವೇಷವನ್ನ ಅವರ ಹತ್ರ ಕಲಿತೋರಿಗೇ ಕೊಡಿ, ಹೊಸಬರಾದ್ರೂ ಪರವಾಗಿಲ್ಲ, ಹೆಜ್ಜೆ ತಪ್ಪಿದ್ರೂ ಪರವಾಗಿಲ್ಲ. ಮತ್ತೆ, ದುಡ್ಡು ಒಟ್ಟು ಮಾಡೋಕೆ ಹೊರಡೋ ಮುಂಚೆ ಕೆಳಗಿನ ಪತ್ರ ಓದಿ.

ಪ್ರಶ್ನೆ: ನಾನು ಅವರ ಸೊಸೆ. ಮಾವನವರು ಬಿಟ್ಟು ಹೋಗಿರೋದು ಒಂದು ಜೊತೆ ಗೆಜ್ಜೆ, ಎರಡು ಸೀರೆ, ವೇಷಕ್ಕೆ ಕಟ್ತಿದ್ದ ಕೂದಲಿನ ಟೋಪನ್ನು, ಆಮೇಲೆ ಅಂಗಡಿಯ ಸಾಲದ ಬುಕ್ಕುಗಳು. ಬುಕ್ಕಿನ ಮುಂದಿನ ಪುಟಗಳಲ್ಲಿ ಕೇರಿಯವರ ಲೆಕ್ಕ, ತಿರುಗಿಸಿ ಹಿಂದಿನಿಂದ ನೋಡಿದ್ರೆ ಪದ್ಯಗಳು, ಅರ್ಥದ ಮಾತುಗಳು, ಎಲ್ಲಿ ಯಾವ ತಾಳ ಅಂತ ಎಲ್ಲ ಪೆನ್ಸಿಲಲ್ಲಿ ಬರ್ಕೊಂಡಿದಾರೆ. ಯಾರೋ ಬುಕ್ಕನ್ನ ಮ್ಯೂಸಿಯಮ್ಮಿಗೆ ಕೊಡಿ ಅಂದ್ರು. ಗೆಜ್ಜೆಗೆ ಗಾಜಿನ ಫ್ರೇಮ್ ಹಾಕ್ಸೋಣ ಅಂತ ಇದೀವಿ. ಏನಂತೀರಿ?

ಉತ್ತರ: ಅಮ್ಮಾ, ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಒಂದು ಕಡೆಯಿಂದ ಸಕ್ಕರೆ, ಸೀಮೆಎಣ್ಣೆ, ಬೀಡಿ ಕಟ್ಟು, ಇನ್ನೊಂದು ಕಡೆಯಿಂದ ಏಕತಾಳ, ಝಂಪೆ, ಅಷ್ಟತಾಳ. ಗಿರಾಕಿ ಇಲ್ದಾಗ ಬುಕ್ ತಿರುಗಿಸಿ ಕೂತು ಬರ್ಕೊಂಡಿರ್ತಾರೆ, ಯಾರಾದ್ರೂ ಬಂದ ಕೂಡ್ಲೇ 'ಎಂತ ಬೇಕ್ ಮಗಾ' ಅಂತ ಮತ್ತೆ ಮುಂದಿನ ಪುಟಕ್ಕೆ ಬಂದಿರ್ತಾರೆ.

ಬುಕ್ಕನ್ನ ಯಾರಿಗೂ ಕೊಡ್ಬೇಡಿ. ಮುಂದಿನ ಪುಟಗಳು ನಿಮ್ಮ ಕೇರಿಯ ಜನರ ಕಷ್ಟದ ಲೆಕ್ಕ, ಯಾರ ಮನೇಲಿ ಯಾವ ತಿಂಗಳು ಅಕ್ಕಿಗೆ ದುಡ್ಡಿರ್ಲಿಲ್ಲ ಅನ್ನೋದು ಅದ್ರಲ್ಲಿದೆ, ಮಾವನವರು ಅದನ್ನ ಬಾಯಿಬಿಟ್ಟು ಹೇಳಿದೋರಲ್ಲ, ಅದು ಮನೇಲೇ ಇರ್ಲಿ. ಹಿಂದಿನ ಪುಟಗಳನ್ನ ಮಾತ್ರ ಒಳ್ಳೆ ಬೆಳಕಲ್ಲಿ ಒಂದೊಂದೇ ಫೋಟೋ ತೆಗೀರಿ, ಪೆನ್ಸಿಲ್ ಬರಹ ಪುಟ ಉಜ್ಜಿ ಉಜ್ಜಿ ಮಾಸತ್ತೆ, ನಮ್ಮ ಕಡೆ ಮಳೆಯ ತೇವಕ್ಕೆ ಕಾಗದವೂ ಹಾಳಾಗತ್ತೆ, ತಡ ಮಾಡ್ಬೇಡಿ. ಯಾರ ಹತ್ರ ಆದ್ರೂ ಅವರ ಆಟದ ಹಳೇ ಕ್ಯಾಸೆಟ್ಟು, ಮೊಬೈಲ್ ವಿಡಿಯೋ ಇದ್ರೆ ಅದನ್ನೂ ಸೇರಿಸಿ ಎರಡು ಕಡೆ ಕಾಪಿ ಇಟ್ಕೊಳ್ಳಿ. ಉಡುಪಿ ಎಂಜಿಎಂ ಕಾಲೇಜಿನ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರದವರು ಇಂಥ ದಾಖಲಾತಿ ಮಾಡ್ಕೊಂಡು ಬಂದೋರು, ಅಲ್ಲೂ ಒಮ್ಮೆ ವಿಚಾರಿಸಿ ನೋಡಿ.

ಗೆಜ್ಜೆಗೆ ಫ್ರೇಮ್ ಖಂಡಿತ ಬೇಡ. ಕುಣಿಯೋ ಮಗುವಿಗೆ ಕೊಡಿ. ಅದಾಗದಿದ್ರೆ ಸಂಘಕ್ಕೆ ಕೊಡಿ, ಚೌಕಿಯಲ್ಲಿ ಗಣಪತಿ ಎದುರು ಇಟ್ಟು, ಕಣ್ಣಿಗೊತ್ಕೊಂಡು ಕಟ್ಕೊಳ್ಳೋ ಯಾರದ್ದಾದ್ರೂ ಕಾಲಲ್ಲಿ ಅದು ಇರ್ಲಿ. ಸೀರೆ ನಿಮ್ಮ ಇಷ್ಟ, ಒಂದು ನೀವೇ ಇಟ್ಕೊಳ್ಳಿ ಅಂತ ನನ್ನಾಸೆ.

ಈಗ ಕೇರಿಯವರಿಗೆ. ಆ ಬುಕ್ಕಲ್ಲಿ ನಿಮ್ಮ ಹೆಸರಿದ್ಯಾ ಇಲ್ವಾ ನಿಮಗೆ ಗೊತ್ತಿರತ್ತೆ. ಅವರ ಸೊಸೆ ನಿಮ್ಮನೆಗೆ ಬಂದು ಕೇಳಲ್ಲ, ಪತ್ರದಲ್ಲೂ ಆ ಮಾತೇ ಎತ್ತಿಲ್ಲ. ಸಂಸ್ಮರಣೆಗೆ ಅಂತ ಐನೂರು ಕೊಟ್ಟು ಸ್ಟೇಜಲ್ಲಿ ಹೆಸರು ಹೇಳ್ಸೋ ಮುಂಚೆ ಒಂದು ಸಂಜೆ ಸುಮ್ನೆ ಆ ಮನೆಗೆ ಹೋಗಿ ನಿಮ್ಮ ಬಾಕಿ ಕೊಟ್ಟು ಆ ಸಾಲಿನ ಮೇಲೆ ಗೀಟು ಎಳೆಸಿ ಬನ್ನಿ. ಪೂರ್ತಿ ಆಗ್ದಿದ್ರೆ ಅರ್ಧ ಕೊಡಿ, ಉಳಿದದ್ದಕ್ಕೆ ಒಂದು ದಿನ ಹೇಳಿ. ಅವರಿಗೂ ಹಾಗೇ ಹೇಳ್ತಿದ್ರಲ್ವಾ. ಅಂಗಡಿಯವರಿಗೆ ಮಾಡೋ ಮೊದಲ ಸಂಸ್ಮರಣೆ ಇದು, ಆಟ ಆಮೇಲೆ.

ಪ್ರಶ್ನೆ: ಚಿಕ್ಕವನಿದ್ದಾಗ ನಾವು ಹುಡುಗ್ರು ಅವರನ್ನ ಹೆಣ್ಣು ವೇಷದ ಮಾಮ ಅಂತ ಅಣಕಿಸ್ತಿದ್ವಿ, ಸೊಂಟ ಬಳುಕಿಸಿ ಅಂಗಡಿ ಎದುರೇ ನಡೀತಿದ್ವಿ. ಅವರು ಏನೂ ಅಂತಿರ್ಲಿಲ್ಲ. ಈಗ ನೆನೆಸಿದ್ರೆ ನಿದ್ದೆ ಬರಲ್ಲ. ನುಡಿನಮನದಲ್ಲಿ ಇದನ್ನ ಹೇಳ್ಬಹುದಾ?

ಉತ್ತರ: ಹೇಳಿ. ಚೆಂದದ ಮಾತು ಹೇಳೋರು ಹತ್ತು ಜನ ಇರ್ತಾರೆ, ಇದನ್ನ ಹೇಳೋರು ನೀವೊಬ್ರೇ.

ನಾನು ಏಳೆಂಟು ವರ್ಷದವಳಿದ್ದಾಗ ಅಪ್ಪನ ಜೊತೆ ಒಂದ್ಸಲ ಚೌಕಿಗೆ ಹೋಗಿದ್ದೆ. ಮೀಸೆ ಬೋಳಿಸ್ಕೊಂಡ ಗಂಡಸೊಬ್ರು ನೆಲದ ಮೇಲೆ ಕೂತು ಬಣ್ಣ ಹಚ್ಕೋತಿದ್ರು, ಬಾಯಲ್ಲಿ ನಾಲ್ಕು ಪಿನ್ನು ಕಚ್ಕೊಂಡಿದ್ರು, ನನ್ನ ಕೈಗೆ ಕನ್ನಡಿ ಕೊಟ್ಟು ಹಿಡ್ಕೊ ಅಂತ ಸನ್ನೆ ಮಾಡಿದ್ರು. ಹುಬ್ಬು ತೀಡಿ, ಜಡೆ ಇಳಿಬಿಟ್ಟು, ಡಾಬು ಕಟ್ಟಿ ಎದ್ದು ನಿಂತಾಗ ಅವರು ನನ್ನ ಕಡೆ ನೋಡಿದ ನೋಟವೇ ಬೇರೆ ಆಗಿತ್ತು, ಕತ್ತು ತಿರುಗಿಸೋದು ಬೇರೆ, ನಾನು ಗಾಬರಿ ಬಿದ್ದು ಕನ್ನಡಿ ಕೆಳಗಿಟ್ಟೆ. ಹಾಗೆ ಆಗೋಕೆ ಎಷ್ಟು ವರ್ಷದ ಅಭ್ಯಾಸ ಬೇಕು ಅಂತ ಅವಾಗ ಗೊತ್ತಿರ್ಲಿಲ್ಲ. ಗಂಡಸರೇ ಹೆಣ್ಣಿನ ವೇಷ ಮಾಡ್ಕೊಂಡು ಬಂದ ಆಟ ಇದು, ಈಗ ಹೆಣ್ಮಕ್ಕಳೂ ಗೆಜ್ಜೆ ಕಟ್ತಾರೆ. ರಾತ್ರಿ ದಮಯಂತಿಯಾಗಿ ಅತ್ತು ಬೆಳಿಗ್ಗೆ ನಿಮ್ಮ ಅಣಕ ನೋಡ್ಕೊಂಡು ನಿಮ್ಮ ಕೈಗೇ ಪೆಪ್ಪರ್‌ಮಿಂಟ್ ಕೊಡ್ತಿದ್ರು ಅಂತ ಬರ್ದಿದೀರಲ್ಲ, ಅದನ್ನೂ ಸೇರಿಸಿ ಹೇಳಿ.

ಪ್ರಶ್ನೆ: ನಾನು ಆರನೇ ಕ್ಲಾಸ್. ಅಂಗಡಿ ಅಜ್ಜ ನಂಗೂ ನನ್ನ ಫ್ರೆಂಡಿಗೂ ನವರಾತ್ರಿಗೆ ಹೂವಿನಕೋಲು ಕಲಿಸ್ತಿದ್ರು, ಮಕ್ಕಳು ಮನೆ ಮನೆಗೆ ಹೋಗಿ ಕೂತು ಪ್ರಸಂಗದ ಅರ್ಥ ಹೇಳೋದು. ಬಬ್ರುವಾಹನನ ಅರ್ಥ ಅರ್ಧ ಆಗಿದೆ. ಉಳಿದದ್ದು ಯಾರು ಕಲಿಸ್ತಾರೆ?

ಉತ್ತರ: ಪುಟ್ಟಾ, ಅಂಗಡಿ ಅಜ್ಜನ ಸೊಸೆ ಹತ್ರ ಹೋಗಿ ಸಾಲದ ಬುಕ್ಕಿನ ಹಿಂದಿನ ಪುಟ ತೋರ್ಸಿ ಅಂತ ಕೇಳು. ಬಬ್ರುವಾಹನ ಅಲ್ಲೇ ಎಲ್ಲೋ ಇರ್ತಾನೆ. ನೀನೇ ನಿನ್ನ ಕೈಯಲ್ಲಿ ನೋಟ್‌ಬುಕ್ಕಿಗೆ ಇಳಿಸ್ಕೊ, ಅಕ್ಷರ ಗೊತ್ತಾಗದ ಕಡೆ ಸಂಘದ ಭಾಗವತರನ್ನ ಕೇಳು, ಪದ್ಯ ಹೇಗೂ ಅವರೇ ಹೇಳ್ಬೇಕಲ್ಲ. ನವರಾತ್ರಿ ಬಂದಾಗ ಹೂವಿನಕೋಲು ಹಿಡ್ಕೊಂಡು ಮೊದಲು ಅಂಗಡಿ ಜಗಲಿಗೆ ಹೋಗಿ ಕೂತ್ಕೊಳ್ಳಿ ನೀವಿಬ್ರೂ, ಬಾಗಿಲು ಹಾಕಿದ್ರೂ ಪರವಾಗಿಲ್ಲ, ಅಲ್ಲಿ ಪೂರ್ತಿ ಅರ್ಥ ಹೇಳಿ ಆಮೇಲೆ ಬೇರೆ ಮನೆಗೆ ಹೋಗಿ. ಹೇಗಾಯ್ತು ಅಂತ ನಂಗೆ ಬರಿ, ಕಾಯ್ತಿರ್ತೀನಿ.