ಕಾರವಾರದಾಗ ಬೋಟ್ ಹಿಂದ ಲೂರ್ ಎಳಿವಾಗ ಆಳಕ್ಕ ಇಳಸಾಕ ಏನ್ ತಗೋಬೇಕು?

ನಿಮ್ಮ ಪ್ರಶ್ನಿಯೊಳಗ ಗೋಕಾಕದವ್ರು ಅಂತ ಓದಿ ಖುಷಿ ಆತ್ರಿ, ನಾನೂ ಬೆಳಗಾವಿ ಶಹಾಪುರದಾವ, ಹತ್ತು ವರ್ಷದಿಂದ ಮಳಿ ಮುಗದ ಮ್ಯಾಲೆ ಕಾರವಾರಕ್ಕ ಹೋಗಿ ಬೋಟ್ ಹಿಂದ ಲೂರ್, ಅಂದ್ರ ಗಾಳ ಇರೋ ನಕಲಿ ಮೀನು, ಎಳಿಯೋ ಹುಚ್ಚು ಐತಿ ನನಗ. ನಿಮ್ಮ ಸಮಸ್ಯಾ ನನಗ ತಿಳಿದಂಗ ಹಿಂಗ: ಮೂರು ತಾಸು ಎಳದ್ರಿ, ನೀರಿನ ಆಳ, ಮೀನು ತೋರ್ಸೋ ಯಂತ್ರ ಸೌಂಡರ್‌ನ್ಯಾಗ ಮೀನು ತಳದ ಕಡೆ ಕಾಣ್ತಿತ್ತು, ಲೂರ್ ಮಾತ್ರ ಮ್ಯಾಲೆ ಮ್ಯಾಲೆನ ಬರ್ತಿತ್ತು, ಈಗ ಗುಂಡು ಇಳಿಬಿಡೋ ಡೌನ್‌ರಿಗ್ಗರ್ ತಗೋಬೇಕೋ, ದಾರಾನ ಕೆಳಗ ಒಯ್ಯೋ ತಗಡು ಪ್ಲೇನರೋ, ಇಲ್ಲಾ ಸೀಸದ ತೂಕ ಕಟ್ಟಿದ್ರ ಸಾಕೋ ಅಂತ.

ಏನೂ ಖರೀದಿ ಮಾಡೂಕಿಂತ ಮೊದಲು ನಿಮ್ಮ ರೀಲಿನ್ಯಾಗ ಯಾವ ದಾರ ಐತಿ ನೋಡ್ರಿ. ದಪ್ಪ ನೈಲಾನ್ ಮೋನೋ, ಅಂದ್ರ ಒಂಟಿ ಎಳಿ ದಾರ, ಇದ್ರ ಅರ್ಧ ಉತ್ತರ ಅಲ್ಲೇ ಸಿಕ್ತು. ಲೂರ್ ಕೆಳಗ ಹೋಗಾಕ ನೋಡ್ತಿರ್ತೈತಿ, ಆದ್ರ ನೀರಾಗ ಇರೋ ಅಷ್ಟೂ ದಾರಕ್ಕ ನೀರು ಬಡದು ಅದನ್ನ ಮ್ಯಾಲೆ ಎತ್ತತಿರ್ತೈತಿ, ದಾರ ದಪ್ಪ ಇದ್ದಷ್ಟು ಜಾಸ್ತಿ ಎತ್ತತೈತಿ. 30 ಪೌಂಡಿನ ಮೋನೋಕ್ಕ ಹೋಲಿಸಿದ್ರ ಅಷ್ಟ ಗಟ್ಟಿ ಇರೋ ಬ್ರೇಡ್ (ಸಣ್ಣ ಎಳಿ ಹೆಣದ ದಾರ) ಹತ್ರ ಹತ್ರ ಅರ್ಧ ದಪ್ಪ ಅಷ್ಟ. ನಾವು ಒಂದ್ ಸಲ ದೇವಗಡ ದ್ವೀಪದ ಹತ್ರ ಒಂದ ನಂಬರಿನ ಎರಡು ಲೂರ್ ಒಂದ ಉದ್ದಕ್ಕ ಬಿಟ್ಟಿದ್ವಿ, ಒಂದು ಮೋನೋಕ್ಕ, ಒಂದು ಬ್ರೇಡಿಗೆ, ಬ್ರೇಡಿಂದು ತಳಕ್ಕ ಟಕ ಟಕ ಬಡ್ಯಾಕ ಹತ್ತಿದ್ರ ಮೋನೋದ್ದು ಮುಟ್ಟಲೇ ಇಲ್ಲ. ಅವತ್ತಿನಿಂದ ನಾ ಎಲ್ಲಾರಿಗೂ ಇದನ್ನ ಹೇಳ್ತೀನಿ, ಮೊದಲು ದಾರ ಬದಲ ಮಾಡ್ರಿ.

ಆಮ್ಯಾಲ ಲೂರ್. ಬಾಯಿ ಮುಂದ ಪ್ಲಾಸ್ಟಿಕ್ ನಾಲಗಿ ಇರ್ತೈತೆಲ್ಲ, ಅದು ಉದ್ದ ಇದ್ದು ಮುಂದಕ್ಕ ಚಾಚಿದ್ರ ಆಳಕ್ಕ ಹೋಗ್ತೈತಿ, ಗಿಡ್ಡ ಇದ್ದು ಕೆಳಗ ಬಾಗಿದ್ರ ಮ್ಯಾಲೆ ಇರ್ತೈತಿ. ರಪಾಲಾ ಎಕ್ಸ್‌ರ‍್ಯಾಪ್ ಮ್ಯಾಗ್ನಮ್ ತಗೊಂಡ್ರ 10, 15, 20, 30, 40 ಅಂತ ನಂಬರ್ ಬರ್ತೈತಿ, ಅದು ಎಷ್ಟು ಫೂಟ್ ಇಳೀತೈತಿ ಅನ್ನೋ ಲೆಕ್ಕ. ನಾವು ಹೋಗೋ ಜಾಗಾದಾಗ ಸೌಂಡರ್ 12 ಮೀಟರ್ ಆಸುಪಾಸು ತೋರಸ್ತೈತಿ, ಅಂದ್ರ ಸುಮಾರು 40 ಫೂಟ್, ಅಲ್ಲಿಗೆ 20 ಒಂದು 30 ಒಂದು ಸಾಕ್ರಿ. ಸುರ್ಮೈ ಕೆಳಗಿಂದ ಮ್ಯಾಲೆ ಬಂದು ಹೊಡಿಯೋ ಮೀನು, ಅದರ ತಲಿಗಿಂತ ಸ್ವಲ್ಪ ಮ್ಯಾಲೆ ಲೂರ್ ಇದ್ರ ಛಲೋ, ಅದರ ಕೆಳಗ ಹೋದ್ರ ನೋಡೂದ ಇಲ್ಲ. ಹಲ್ಲು ಭಾಳ ಚೂಪ ಅದಕ, ದಾರಕ್ಕೂ ಲೂರಿಗೂ ನಡುವ ಕಟ್ಟೋ ತಂತಿ, ಅಂದ್ರ ಲೀಡರ್, ಬೇಕ ಬೇಕು, ಆದ್ರ ಒಂದು ಮೊಳದಷ್ಟು ಸಣ್ಣ ತಂತಿ ಸಾಕು, ಉದ್ದ ದಪ್ಪ ತಂತಿ ಕಟ್ಟಿದ್ರ ಲೂರ್ ಆಟನ ಕೆಡ್ತೈತಿ.

ಇನ್ನೊಂದು, ಎಷ್ಟು ದಾರ ಬಿಟ್ಟೀರಿ ಅನ್ನೋದು ಗೊತ್ತಿರಲೇಬೇಕು. ಪ್ರತಿ 10 ಮೀಟರಿಗೆ ಬಣ್ಣ ಬದಲಾಗೋ ಬ್ರೇಡ್ ಸಿಗ್ತೈತಿ, ಅದನ್ನ ತಗೋರಿ. ನಾಕು ಬಣ್ಣ ಬಿಟ್ಟಾಗ ಮೀನು ಹೊಡದ್ರ ಮತ್ತ ನಾಕ ಬಣ್ಣ ಬಿಡಬೇಕು, ಇಲ್ಲಾಂದ್ರ ಮೊದಲನೇ ಮೀನು ಯಾವ ಆಳಕ್ಕ ಸಿಕ್ತು ಅನ್ನೋದ ತಿಳಿಯೂದಿಲ್ಲ. ಹಂಗಂತ ಬಿಟ್ಟಷ್ಟೂ ಇಳೀತೈತಿ ಅನ್ಕೋಬ್ಯಾಡ್ರಿ, ಒಂದು ಹಂತ ಆದ ಮ್ಯಾಲೆ ದಾರಕ್ಕ ಬಡಿಯೋ ನೀರಿನ ಎಳೆತಾನ ಗೆಲ್ತೈತಿ.

ಸೀಸದ ವಿಚಾರ ಸಣ್ಣದು. ಬೋಟ್ ನಿಧಾನ ಇದ್ದಾಗ ಅಷ್ಟ ಕೆಲಸ, 5 ನಾಟ್ ಅಂದ್ರ ತಾಸಿಗೆ 9 ಕಿಲೋಮೀಟರ್ ಮುಟ್ಟಿತಂದ್ರ ಸೀಸನೂ ಎದ್ದು ಬರ್ತೈತಿ.

ಪ್ಲೇನರ್ ನನಗ ಭಾಳ ಸೇರ್ತೈತಿ. ನಮ್ಮ ಊರಾಗ ಗಾಳಿಪಟ ಹಾರಸ್ತೀವಲ್ಲ, ಅದನ್ನ ಉಲ್ಟಾ ಮಾಡಿ ನೀರಾಗ ಬಿಟ್ಟಂಗ, ಸೂತ್ರ ಕಟ್ಟಿದ ಕೋನಕ್ಕ ಗಾಳಿ ಪಟಾನ ಮ್ಯಾಲೆ ಎತ್ತಿದಂಗ ಇಲ್ಲಿ ನೀರು ತಗಡನ್ನ ಕೆಳಗ ಒತ್ತತೈತಿ, ಮೀನು ಹೊಡದ ಕೂಡ್ಲೆ ಕೊಂಡಿ ಸರದು ತಗಡು ಸಪಾಟ ಆಗಿ ಮ್ಯಾಲೆ ಬರ್ತೈತಿ. ಸ್ಪೂನ್ (ಚಮಚದಂಗ ಇರೋ ಲೋಹದ ಲೂರ್) ಎಳ್ಯಾಕ ಇದಕ್ಕಿಂತ ಸೋವಿ ಸಾಮಾನಿಲ್ಲ. ಆದ್ರ ಜಗ್ಗೋ ಜೋರು ಭಾಳ, ಸಣ್ಣ ರಾಡಿಗೆ ಕಟ್ಟಬ್ಯಾಡ್ರಿ, ನಮ್ಮ ಜೊತಿಯವಂದು ಒಂದು ರಾಡ್ ಹಂಗ ಮುರದೈತಿ. ದಪ್ಪ ದಾರ ಬೋಟಿನ ಗೂಟಕ್ಕ ಕಟ್ಟಿ ಕೈಯಾಗ ಎಳಿಯೋದ ವಾಸಿ, ಕೈಗೆ ದಾರ ಸುತ್ಕೋಬ್ಯಾಡ್ರಿ, ಬೆರಳು ಹೋಗ್ತಾವು.

ಡೌನ್‌ರಿಗ್ಗರ್ ಅಂದ್ರ ನಾಕೈದು ಕಿಲೋ ಗುಂಡು ಬ್ಯಾರೆ ತಂತಿಗೆ ಇಳಿಬಿಟ್ಟು, ನಿಮ್ಮ ದಾರ ಅದಕ್ಕ ಕ್ಲಿಪ್ ಹಾಕೋದು, ಮೀನು ಹೊಡದ್ರ ಕ್ಲಿಪ್ ಬಿಟ್ಟು ಬರೇ ರಾಡಿನ ಮ್ಯಾಲೆ ಮೀನು. ಜೀವಂತ ಬಾಂಗಡಿ ಕಟ್ಟಿ 1–2 ನಾಟ್‌ನ್ಯಾಗ ಎಳಿಯೋರಿಗೆ ಅದರಂಥಾದ್ದು ಇಲ್ಲ. ವೇಗ ಹೆಚ್ಚಾದ್ರ ತಂತಿ ಹಿಂದ ಓರಿ ಆಗಿ ತಂತಿ ಎಷ್ಟು ಬಿಟ್ಟೈತಿ ಅಳಿಯೋ ಕೌಂಟರ್ ತೋರ್ಸಿದ್ದಕಿಂತ ಗುಂಡು ಮ್ಯಾಲೆ ಇರ್ತೈತಿ. ಅಷ್ಟ ಅಲ್ಲ, ಅದನ್ನ ಬೋಟಿಗೆ ಬಿಗೀಬೇಕು, ವರ್ಷಕ್ಕ ನಾಕ ಸಲ ಬಾಡಿಗಿ ಬೋಟಿನ್ಯಾಗ ಹೋಗೋ ನಾವು ಅಷ್ಟು ರೊಕ್ಕ ಹಾಕೂದು ಬ್ಯಾಡ ಅಂತ ನನ್ನ ಮಾತು.

ಲೂರ್ ಒಂದ ಕಡೆ ಎಳೀತಿದ್ರ ಮೂಗಿನ ಉಂಗುರಾನ ಇಕ್ಕಳದಿಂದ ಅದರ ವಿರುದ್ಧ ಕಡೆ ಒಂಚೂರು ಬಗ್ಗಸ್ರಿ. ರಾಡಿನ ತುದಿ ಅಲಗೋದು ನಿಂತ್ರ ಪ್ಲಾಸ್ಟಿಕೋ ಕಸಾನೋ ಸಿಕ್ಕೈತಿ, ಸುತ್ತಿ ಬಿಡಸ್ರಿ. ಬೋಟ್ ನಡಸೋ ತಾಂಡೇಲಗ ಮೊದಲ ಕೇಳ್ರಿ ಬೋಟ್ 4–5 ನಾಟ್‌ಗೆ ಸ್ಥಿರ ನಡೀತೈತೇನು ಅಂತ. ಜೂನ್ 1 ರಿಂದ ಜುಲೈ 31 ಮೀನುಗಾರಿಕಿ ನಿಷೇಧ, ಆವಾಗ ಬೋಟ್ ಕೇಳಾಕ ಹೋಗಬ್ಯಾಡ್ರಿ. ನಿಮ್ಮ ರೀಲಿನ ಸೈಜ್ ಎಷ್ಟೈತಿ ಬರೀರಿ, ಅದಕ್ಕ ಎಷ್ಟು ಪೌಂಡಿನ ಬ್ರೇಡ್ ಎಷ್ಟು ಮೀಟರ್ ಕೂಡ್ತೈತಿ ಹೇಳ್ತೀನಿ.