ಕಂಬದಿಂದ ಹಳಿಗೆ ಬಿಗಿದ ಕಬ್ಬಿಣದ ಪಟ್ಟಿ

ಪ್ರಶ್ನೆ: ನಮ್ಮ ಮನೆ ರೈಲು ಹಳಿಯ ಪಕ್ಕದಲ್ಲೇ ಇದೆ. ವಿದ್ಯುತ್ ಕಂಬಗಳ ಬುಡದಿಂದ ಚಪ್ಪಟೆ ಕಬ್ಬಿಣದ ಪಟ್ಟಿಯೊಂದು ಹೊರಟು ಹಳಿಗೆ ಸೇರಿರುತ್ತದೆ. ಮನೆಯ ಅರ್ಥಿಂಗ್‌ನಂತೆ ಅದನ್ನು ನೆಲಕ್ಕೇ ಇಳಿಸಬಾರದೇಕೆ? ಹಳಿ ಮುಟ್ಟಿದವರಿಗೆ ಶಾಕ್ ಹೊಡೆಯುವುದಿಲ್ಲವೇ? ಅಂಗಳದಲ್ಲಿ ಬಟ್ಟೆ ಒಣಗಿಸಲು ಕಟ್ಟಿದ ತಂತಿ ಮುಟ್ಟಿದಾಗ ಒಮ್ಮೊಮ್ಮೆ ಜುಮ್ಮೆನ್ನುವುದೂ ಇದರಿಂದಲೇ?
– ಓದುಗರೊಬ್ಬರು, ಉಪ್ಪಳ

ಉತ್ತರ: ಮನೆಗೆ ಫೇಸ್ ಮತ್ತು ನ್ಯೂಟ್ರಲ್ ಎಂಬ ಎರಡು ತಂತಿಗಳು ಬರುತ್ತವೆ. ರೈಲಿಗೆ ಮೇಲಿರುವುದು 25,000 ವೋಲ್ಟ್‌ನ ಒಂದೇ ತಂತಿ. ಎರಡನೆಯ ತಂತಿಯ ಕೆಲಸವನ್ನು ಹಳಿಯೇ ಮಾಡುತ್ತದೆ. ಇಂಜಿನ್ನಿನ ನೆತ್ತಿಯ ಮೇಲೆ ತಂತಿಗೆ ತಾಗಿಕೊಂಡಿರುವ ಪ್ಯಾಂಟೋಗ್ರಾಫ್ ಎಂಬ ಮಡಚುವ ಚೌಕಟ್ಟು ಹಿಡಿದುಕೊಂಡ ವಿದ್ಯುತ್ತು ಒಳಗಿನ ಟ್ರಾನ್ಸ್‌ಫಾರ್ಮರನ್ನು ಹಾದು, ಅಚ್ಚಿಗೆ ಉಜ್ಜಿಕೊಂಡಿರುವ ಬ್ರಷ್‌ಗಳ ಮೂಲಕ ಗಾಲಿಗೂ ಗಾಲಿಯಿಂದ ಹಳಿಗೂ ಇಳಿದು ಸಬ್‌ಸ್ಟೇಷನ್ನಿಗೆ ಮರಳುತ್ತದೆ. ಆರು ಸಾವಿರ ಅಶ್ವಶಕ್ತಿಯ ಇಂಜಿನ್ ಪೂರ್ಣ ಬಲದಲ್ಲಿ ಎಳೆಯುವಾಗ ಇದು ಸುಮಾರು 200 ಆಂಪಿಯರ್. ಆ ಬ್ರಷ್ ಇಲ್ಲದಿದ್ದರೆ ಇಷ್ಟು ವಿದ್ಯುತ್ತು ಬೇರಿಂಗಿನ ರೋಲರ್‌ಗಳ ನಡುವೆ ಕಿಡಿ ಹಾರಿಸಿ ಅವುಗಳ ಮೈಯಲ್ಲಿ ಸಣ್ಣ ಸಣ್ಣ ಕುಳಿಗಳನ್ನು ಕೊರೆಯುತ್ತದೆ. ಬೋಗಿಯ ಮೈಯನ್ನೂ ಗಾಲಿಚೌಕಟ್ಟನ್ನೂ ಹೆಣೆದ ತಾಮ್ರದ ತಂತಿಯಿಂದ ಸೇರಿಸಿರುವುದರಿಂದ ಅವೆರಡರ ನಡುವೆ ವೋಲ್ಟೇಜ್ ವ್ಯತ್ಯಾಸ ಉಳಿಯುವುದಿಲ್ಲ.

ಈಗ ನಿಮ್ಮ ಪಟ್ಟಿಯ ವಿಷಯಕ್ಕೆ ಬರೋಣ. ತಂತಿಯನ್ನು ಹೊತ್ತ ಇನ್ಸುಲೇಟರಿನ ಮೇಲೆ ಕಡಲ ಗಾಳಿಯ ಉಪ್ಪು ಕೂತು, ಮೊದಲ ಮಳೆಹನಿಗೆ ಅದು ಸೋತರೆ, ಕಂಬಕ್ಕೇ 25,000 ವೋಲ್ಟ್ ಇಳಿಯುತ್ತದೆ. ಆಗ ಬರೀ ನೆಲವನ್ನು ನಂಬುವಂತಿಲ್ಲ. ಏಪ್ರಿಲ್ ತಿಂಗಳಲ್ಲಿ ನಮ್ಮ ಮುರಕಲ್ಲಿನ ನೆಲ ಎಷ್ಟು ಒಣಗಿರುತ್ತದೆ ಎಂಬುದು ಅರ್ಥಿಂಗ್ ಗುಂಡಿಗೆ ಕೊಡಪಾನದಲ್ಲಿ ನೀರು ಹೊಯ್ಯುವವರಿಗೆ ಗೊತ್ತು. ಗುಂಡಿಯ ರೋಧ ಹತ್ತು ಓಮ್ ಇದ್ದರೂ, ಅದರಲ್ಲಿ ಸಾವಿರ ಆಂಪಿಯರ್ ಹರಿದಾಗ ಕಂಬದ ಮೇಲೆ ಹತ್ತು ಸಾವಿರ ವೋಲ್ಟ್ ನಿಲ್ಲುತ್ತದೆ. ಹಳಿಯಾದರೋ ಸಬ್‌ಸ್ಟೇಷನ್ನಿನವರೆಗೆ ಮುಂದುವರಿಯುವ ಉಕ್ಕಿನ ದಾರಿ. ಆ ದಾರಿಯಲ್ಲಿ ಭಾರಿ ವಿದ್ಯುತ್ತು ಹರಿದೊಡನೆ ಅಲ್ಲಿನ ಬ್ರೇಕರ್ ಸೆಕೆಂಡಿನ ಒಂದಂಶದಲ್ಲೇ ತಂತಿಯನ್ನು ಸತ್ತಂತೆ ಮಾಡುತ್ತದೆ. ಆದ್ದರಿಂದ ಈ ಪಟ್ಟಿಗೆ ಅರ್ಥಿಂಗ್ ಎನ್ನುವುದಕ್ಕಿಂತ ಬಂಧ ಎನ್ನುವುದೇ ಸರಿ ಎಂದು ನನಗೆ ತೋರುತ್ತದೆ. ರೈಲ್ವೆಯವರೂ ಬಾಂಡ್ ಎಂದೇ ಕರೆಯುತ್ತಾರೆ.

ನಿಲ್ದಾಣದ ಆಸುಪಾಸಿನಲ್ಲಿ ಇನ್ನೊಂದು ತೊಡಕಿದೆ. ಎರಡು ಹಳಿಗಳ ನಡುವೆ ಸಣ್ಣ ವೋಲ್ಟೇಜ್ ಇಟ್ಟು, ಗಾಲಿ ಅಚ್ಚು ಅದನ್ನು ಬೆಸೆದಾಗ ರೈಲು ಬಂದಿದೆಯೆಂದು ಸಿಗ್ನಲ್ ತಿಳಿಯುವ ಏರ್ಪಾಡು ಇದ್ದಲ್ಲಿ, ಒಂದು ಹಳಿಯನ್ನು ಸಿಗ್ನಲ್ಲಿಗೆ ಬಿಟ್ಟು ಇನ್ನೊಂದಕ್ಕೆ ಮಾತ್ರ ಕಂಬಗಳನ್ನು ಬಿಗಿಯುವ ಕ್ರಮವಿದೆ.

ಹಳಿ ಸರಿಯಾಗಿ ಜೋಡಣೆಯಾಗಿದ್ದರೆ ನೆಲಕ್ಕೆ ಹೋಲಿಸಿದಾಗ ಅದರ ಮೇಲಿನ ವೋಲ್ಟೇಜ್ ಕಡಿಮೆಯೇ ಇರುತ್ತದೆ. ಆದರೆ ಹಳಿ ತುಂಡಾದಲ್ಲಿ ಅಥವಾ ಎರಡು ಹಳಿತುಂಡುಗಳನ್ನು ಬೆಸೆಯುವ ಜೋಡಿಪಟ್ಟಿ ಕಳಚಿದಲ್ಲಿ, ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದವನ ದೇಹವೇ ಮರಳುವ ದಾರಿಯಾಗುತ್ತದೆ. ಹಳಿ ಬದಲಿಸುವ ಕೆಲಸಗಾರರು ಮೊದಲು ದಪ್ಪ ಕೇಬಲ್ಲಿನಿಂದ ಆ ತೆರಪನ್ನು ಬೆಸೆದೇ ಬೋಲ್ಟ್ ಬಿಚ್ಚುವುದು ಇದಕ್ಕಾಗಿ. ಕಳಚಿ ಬಿದ್ದ ಪಟ್ಟಿಯನ್ನು ಕಂಡರೆ ಮುಟ್ಟದೆ ನಿಲ್ದಾಣಕ್ಕೆ ತಿಳಿಸಿ.

ಇನ್ನು ಬಟ್ಟೆಯ ತಂತಿ. ಹಳಿಗೆ ಸಮಾನಾಂತರವಾಗಿ ಉದ್ದಕ್ಕೆ ಕಟ್ಟಿದ ಯಾವುದೇ ಲೋಹದ ತಂತಿಯಲ್ಲಿ, ಅದು ಎಲ್ಲಿಯೂ ತಾಗದಿದ್ದರೂ, ಮೇಲಿನ ತಂತಿಯ ಪ್ರಭಾವದಿಂದ ವಿದ್ಯುತ್ತು ಪ್ರೇರಿತವಾಗಬಹುದು. ಹಳಿಬದಿಯ ಲೋಹದ ಬೇಲಿಗಳಿಗೂ ಅರ್ಥಿಂಗ್ ಕೊಡುವುದು ಇದೇ ಕಾರಣಕ್ಕೆ. ಆದರೆ ನಿಮ್ಮದು ಅದೇ ಎಂದುಕೊಂಡು ಸುಮ್ಮನಾಗಬೇಡಿ. ಮನೆಯ ಸರ್ವಿಸ್ ವಯರ್ ಅಥವಾ ತಗಡಿನ ಮಾಡಿನಿಂದ ಸೋರಿಕೆ ಇದೆಯೇ ಎಂದು ಮೊದಲು ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷೆ ಮಾಡಿಸಿ. ಅಲ್ಲಿ ದೋಷವಿಲ್ಲವಾದರೆ ತಂತಿಯನ್ನು ಬಿಚ್ಚಿ ನೈಲಾನ್ ಹಗ್ಗ ಕಟ್ಟಿ.